ವಾರ್ಡಿನ ಬಾಗಿಲಲ್ಲಿ ಕೈ ಶುಚಿ ಮಾಡಿಸುವ ರೋಬೋ

ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸ್, ಅಂದರೆ ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವವಳು. ದಿನವಿಡೀ ನನ್ನದು ಒಂದೇ ಮಾತು: ಕೈ ಶುಚಿ ಮಾಡಿಕೊಳ್ಳಿ. ಪೋಸ್ಟರ್ ಅಂಟಿಸಿದರೆ ಜನ ನಾಲ್ಕು ದಿನ ಓದುತ್ತಾರೆ, ಆಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳ ವಾರ್ಡಿನ ಬಾಗಿಲಲ್ಲಿ, ಸ್ಯಾನಿಟೈಸರ್ ಬಾಟಲಿ ಪಕ್ಕ, ಒಂದು ಪುಟ್ಟ ರೋಬೋ ಕೂರಿಸಿದೆವು.

ಧೈರ್ಯ ಕೊಟ್ಟಿದ್ದು ವಯನಾಡಿನ ಒಂದು ಶಾಲೆ. 2019ರಲ್ಲಿ ಅಮೃತ ವಿಶ್ವವಿದ್ಯಾಪೀಠ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯದವರು ಅಲ್ಲಿ ‘ಪೆಪೆ’ ಎಂಬ ಮಾತಾಡುವ ಹಸಿರು ರೋಬೋವನ್ನು ಗೋಡೆಗೆ ಹಾಕಿದ್ದರು. ಮಕ್ಕಳು ಕೈ ತೊಳೆಯುವುದು ಸುಮಾರು ಶೇ 40ರಷ್ಟು ಹೆಚ್ಚಿತು ಎಂದು ಅವರೇ ಹೇಳಿದ್ದಾರೆ.

ನಮ್ಮದನ್ನು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮಾಡಿಕೊಟ್ಟರು. ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೊ ಬೋರ್ಡು, ಯಾರಾದರೂ ಹತ್ತಿರ ಬಂದರೆ ಗುರುತಿಸುವ ಸೆನ್ಸರ್, ಸಣ್ಣ ಸ್ಪೀಕರ್, ಕಣ್ಣು ತಿರುಗಿಸಲು ಸರ್ವೊ ಎಂಬ ಸಣ್ಣ ಮೋಟಾರ್, ಅಷ್ಟೇ. ಕ್ಯಾಮೆರಾ ಬೇಡವೇ ಬೇಡ ಅಂದೆ. ಯಾರು ಹಾಕಿಕೊಂಡರು, ಯಾರು ಬಿಟ್ಟರು ಅಂತ ಲೆಕ್ಕ ಇಡುವ ಯಂತ್ರವನ್ನು ಸ್ಟಾಫ್ ನಂಬುವುದಿಲ್ಲ. ಮೈಯೆಲ್ಲ ನುಣುಪು ಪ್ಲಾಸ್ಟಿಕ್. ಪ್ರತಿ ಶಿಫ್ಟಿಗೂ ಒರೆಸಬೇಕಲ್ವಾ, ಬಟ್ಟೆ, ಉಣ್ಣೆ ಆಗುವುದಿಲ್ಲ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅದರ ಕಣ್ಣಿನ ಬಗ್ಗೆ. ಮುಖವನ್ನೇ ದಿಟ್ಟಿಸಿದರೆ ಬಂದವರಿಗೆ ಮುಜುಗರ. ಅದಕ್ಕೇ ಒಮ್ಮೆ ಅವರ ಕಡೆ ನೋಡಿ, ತಕ್ಷಣ ಬಾಟಲಿ ಕಡೆ ಕಣ್ಣು ಹೊರಳಿಸುತ್ತದೆ. ಅವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಮಾತು ಆಮೇಲೆ: “ಬನ್ನಿ, ಸ್ವಲ್ಪ ಕೈಗೆ ಹಾಕ್ಕೊಳ್ಳಿ. ಹೆಬ್ಬೆರಳು ಮರೀಬೇಡಿ.” ಉಜ್ಜುವಾಗ ಹೆಚ್ಚಿನವರು ಬಿಡುವುದು ಹೆಬ್ಬೆರಳು ಮತ್ತು ಬೆರಳ ತುದಿಗಳನ್ನೇ. 20ರಿಂದ 30 ಸೆಕೆಂಡ್ ಉಜ್ಜಬೇಕು, ಅಷ್ಟು ಹೊತ್ತು ಒಂದು ಹಾಡು ಬರುತ್ತದೆ. ಹಾಡು ಮುಗಿಯುವ ಮೊದಲೇ ಅಪ್ಪ ಕೈ ಕೆಳಗಿಳಿಸಿದರೆ ಮಕ್ಕಳೇ ಬಿಡುವುದಿಲ್ಲ!

ಒಬ್ಬ ಅಜ್ಜಿ “ಆಯ್ತಪ್ಪಾ, ಹಾಕ್ಕೊಂಡೆ” ಅಂತ ರೋಬೋಗೇ ಉತ್ತರ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳಲು ಹೋದರು. “ಒರೆಸಬೇಡಿ ಅಜ್ಜಿ, ತಾನಾಗೇ ಒಣಗಲಿ” ಅಂದೆ. ಆ ಮಾತನ್ನೂ ರೋಬೋಗೆ ಕಲಿಸಿದೆವು. ಮಾತುಗಳನ್ನು ಆಗಾಗ ಬದಲಿಸಲೇಬೇಕು, ಇಲ್ಲದಿದ್ದರೆ ಇದೂ ಪೋಸ್ಟರ್ ಆಗಿಬಿಡುತ್ತದೆ. ರಾತ್ರಿ ಮಾತಿಲ್ಲ, ಬರೀ ಕಣ್ಣು.

ಬಾಗಿಲಲ್ಲಿ ಕೂತ ರೋಬೋಗೆ ಒಳಗಿನದು ಕಾಣುವುದಿಲ್ಲ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಹೀಗೆ ಕೈ ಶುಚಿ ಮಾಡಿಕೊಳ್ಳಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳೂ ಬರುವುದು ಹಾಸಿಗೆಯ ಹತ್ತಿರ. ಅಲ್ಲಿಗೆ ಈಗಲೂ ನಾನೇ ನಿಲ್ಲಬೇಕು. ಫಲ ಅಳೆಯಲು ಸ್ಯಾನಿಟೈಸರ್ ಎಷ್ಟು ಖರ್ಚಾಯಿತು ಅಂತ ನೋಡುತ್ತೇನೆ, ಬಾಟಲಿ ಈಗ ಬೇಗ ಖಾಲಿಯಾಗುತ್ತಿದೆ.

ಭೇದಿ ಕೇಸುಗಳಿಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ಅದಕ್ಕೆ ಸಿಂಕ್ ಹತ್ತಿರ ಇನ್ನೊಂದು ರೋಬೋ ತಯಾರಾಗುತ್ತಿದೆ. ಅಲ್ಲಿ 40ರಿಂದ 60 ಸೆಕೆಂಡಿನ ಹಾಡು ಬೇಕು, ಹುಡುಕುತ್ತಿದ್ದೇವೆ.