ಎಂಎಸ್‌ಗೆ ಔಷಧಿ ಆರಿಸಿಕೊಂಡಿದ್ದು ಹೀಗೆ

ಶಿಡ್ಲಘಟ್ಟದಲ್ಲಿ ನಮ್ಮದು ಸಣ್ಣ ರೀಲಿಂಗ್ ಯೂನಿಟ್. ಬಿಸಿನೀರಲ್ಲಿ ತೇಲುವ ರೇಷ್ಮೆಗೂಡಿನ ಎಳೆ ಹಿಡಿಯಲು ಕಣ್ಣು ಚುರುಕಾಗಿರಬೇಕು. ಒಂದು ಬೆಳಿಗ್ಗೆ ಬಲಗಣ್ಣಿಗೆ ಎಳೆಯೇ ಕಾಣಲಿಲ್ಲ. ಹೆಂಡತಿಯ ಹಣೆಯ ಕುಂಕುಮ ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ಮಾಸಿದ ಇಟ್ಟಿಗೆ ಬಣ್ಣ.

ಐದು ದಿನ ಸ್ಟಿರಾಯ್ಡ್ ಡ್ರಿಪ್ ಹಾಕಿಸಿಕೊಂಡೆ, ನೋಟ ಮರಳಿತು. ಹನ್ನೊಂದು ತಿಂಗಳಿಗೆ ಎಡಗಾಲು ಜೋಮು ಹಿಡಿಯಿತು. ಬೆಂಗಳೂರಿನ ನರರೋಗ ತಜ್ಞರು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದರು. ಮೈಯ ರೋಗನಿರೋಧಕ ಶಕ್ತಿಯೇ ಮಿದುಳಿನ, ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ದಾಳಿ ಮಾಡುವ ಕಾಯಿಲೆಯಂತೆ. ಸ್ಟಿರಾಯ್ಡ್ ಆ ಹೊತ್ತಿನ ದಾಳಿಯನ್ನು ಬೇಗ ಇಳಿಸುತ್ತದೆ ಅಷ್ಟೇ, ಮುಂದಿನದನ್ನು ತಡೆಯುವುದಿಲ್ಲವಂತೆ. ಅದಕ್ಕೆ ಬೇರೆ ಔಷಧಿ ಬೇಕೆಂದರು.

ಕಾಲೂ ಸರಿಹೋಯಿತು. ಅಮ್ಮ, "ಬೀಸೋ ದೊಣ್ಣೆ ತಪ್ಪಿತಲ್ಲಪ್ಪ, ಇನ್ಯಾಕೆ ಮೈಗೆ ವಿಷ ತುಂಬಿಸ್ಕೋತೀಯ?" ಅಂದರು. ನನಗೂ ಹಾಗೇ ಅನ್ನಿಸಿತ್ತು. ಮನಸ್ಸು ಬದಲಿಸಿದ್ದು ಎಂಆರ್‌ಐ. ನನಗೆ ಗೊತ್ತಾದ ದಾಳಿ ಎರಡು, ಫಿಲ್ಮಿನಲ್ಲಿದ್ದ ಮಚ್ಚೆ, ಅಂದರೆ ದಾಳಿ ಬಿಟ್ಟುಹೋದ ಗಾಯದ ಗುರುತು, ಒಂಬತ್ತು. ಗೂಡಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೊದಲ ಸಾಲಿಗೇ 'ಔಷಧಿ ತಗೊಳ್ಳದಿದ್ದರೆ' ಎಂದು ಬರೆದೆ. ಅದಕ್ಕೂ ಅಪಾಯವಿದೆ, ಅದರ ಚೀಟಿ ಮಾತ್ರ ಯಾವ ಡಬ್ಬಿಯೊಳಗೂ ಇರುವುದಿಲ್ಲ.

ಇಂಟರ್‌ಫೆರಾನ್ ಹಳೆಯದು, ಅಮೆರಿಕದಲ್ಲಿ 1993ರಿಂದಲೂ ಬಳಕೆಯಲ್ಲಿದೆ. ಅಡ್ಡಪರಿಣಾಮಗಳು ಚೆನ್ನಾಗಿ ಗೊತ್ತಿವೆ. ಆದರೆ ದಾಳಿ ಕಡಿಮೆಯಾಗುವುದು ಸುಮಾರು ಮೂರನೇ ಒಂದು ಪಾಲು. ಒಂಬತ್ತು ಮಚ್ಚೆಯವನಿಗೆ ಅದು ಸಾಲದೆನಿಸಿತು.

ನಟಾಲಿಜುಮ್ಯಾಬ್ ಬಲವಾದದ್ದು. 2004ರಲ್ಲಿ ಬಂತು, ಮಿದುಳಿನ ಮಾರಕ ಸೋಂಕಿನಿಂದಾಗಿ 2005ರಲ್ಲಿ ಹಿಂತೆಗೆದರು, 2006ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟರು. ಸೋಂಕು ತರುವುದು ಜೆಸಿ ವೈರಸ್. ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಕರ ಮೈಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದಿದ್ದರೆ ಅದನ್ನೇ ಆರಿಸುತ್ತಿದ್ದೆನೇನೋ. ಪಾಸಿಟಿವ್ ಬಂತು, ಅದೂ ಹೆಚ್ಚಿನ ಮಟ್ಟದಲ್ಲಿ. ಎರಡು ವರ್ಷ ದಾಟಿದ ಮೇಲೆ ಅಪಾಯ ಏರುತ್ತದೆ ಎಂದರು. ಆ ಸಾಲು ಹೊಡೆದುಹಾಕಿದೆ.

ಡೈಮಿಥೈಲ್ ಫ್ಯೂಮರೇಟ್ ದಿನಕ್ಕೆರಡು ಮಾತ್ರೆ. ಬಿಪಿ ಮಾತ್ರೆಯನ್ನೇ ವಾರಕ್ಕೆರಡು ಸಲ ಮರೆಯುವವನು ನಾನು. ನುಂಗದ ಮಾತ್ರೆಯಿಂದ ಏನು ಲಾಭ?

ಉಳಿದದ್ದು ರಿಟುಕ್ಸಿಮ್ಯಾಬ್, ಆರು ತಿಂಗಳಿಗೊಂದು ಡ್ರಿಪ್. ಇದು ಎಂಎಸ್‌ಗೆಂದೇ ಅನುಮೋದನೆಯಾದ ಔಷಧಿಯಲ್ಲ. ಆದರೂ ಅನೇಕ ದೇಶಗಳಲ್ಲಿ ತಜ್ಞರು ಬಳಸುತ್ತಾರೆ, ನಮ್ಮಲ್ಲಿ ಬೆಲೆಯೂ ಕೈಗೆಟಕುತ್ತದೆ. ಭಯವೆಂದರೆ ಸೋಂಕು. ಬಚ್ಚಿಟ್ಟುಕೊಂಡ ಹೆಪಟೈಟಿಸ್ ಬಿ ಕೆರಳಬಹುದು ಎಂದು ಮೊದಲೇ ಪರೀಕ್ಷೆ ಮಾಡಿಸಿದರು, ಕ್ಷಯಕ್ಕೂ. ನ್ಯುಮೋನಿಯಾ ಲಸಿಕೆ ಕೊಡಿಸಿ ಕೆಲವು ವಾರ ಕಾಯಿಸಿದರು, ಡ್ರಿಪ್ ಆದಮೇಲೆ ಲಸಿಕೆ ಸರಿಯಾಗಿ ಹತ್ತುವುದಿಲ್ಲವಂತೆ. ಪರೀಕ್ಷೆ ಮಾಡಿ ಕಾವಲು ಕಾಯಬಹುದಾದ ಅಪಾಯ ಎಂಬುದೇ ನನ್ನನ್ನು ಒಪ್ಪಿಸಿದ್ದು.

ಮೊದಲ ಡ್ರಿಪ್ಪಿನಲ್ಲಿ ಗಂಟಲು ಕೆರೆಯತೊಡಗಿತು. ಸಿಸ್ಟರ್ ಹನಿ ನಿಧಾನ ಮಾಡಿದರು, ಅಡಗಿತು.

ಈಗಲೂ ಗೂಡಿನ ಬಿಸಿನೀರಿನ ಬೇಸಿನ್ ಮುಂದೆ ಹೆಚ್ಚು ಹೊತ್ತು ನಿಂತರೆ ಬಲಗಣ್ಣು ಮಂಜಾಗುತ್ತದೆ. ಮೊದಲ ಸಲ ಔಷಧಿ ಕೈಕೊಟ್ಟಿತೆಂದು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ್ದೆ. ಮೈ ಬಿಸಿಯಾದಾಗ ಹಳೆಯ ಗಾಯದ ನರ ತಡವರಿಸುವುದಂತೆ, ಹೊಸ ದಾಳಿಯಲ್ಲ. ಫ್ಯಾನ್ ಕೆಳಗೆ ಕೂತರೆ ಸರಿಹೋಗುತ್ತದೆ.

ಮೂರು ವರ್ಷದಲ್ಲಿ ಹೊಸ ಮಚ್ಚೆ ಬಂದಿಲ್ಲ. ಎದೆಯ ಸೋಂಕು ಎರಡು ಸಲ ಬಂತು, ರಕ್ತದಲ್ಲಿ ಐಜಿಜಿ, ಅಂದರೆ ಸೋಂಕಿನೊಡನೆ ಹೋರಾಡುವ ಪ್ರತಿಕಾಯ, ಇಳಿಯುತ್ತಿದೆ. ಡ್ರಿಪ್ಪಿನ ಅಂತರ ಹೆಚ್ಚಿಸೋಣವೇ ಎಂದು ಡಾಕ್ಟರು ಕೇಳಿದ್ದಾರೆ. ಅದೇ ಪುಸ್ತಕದಲ್ಲಿ ಹೊಸ ಹಾಳೆ ತೆಗೆದಿದ್ದೇನೆ.