ವಿದ್ಯಾರ್ಥಿ ಥ್ರಿಲ್ಲರ್‌ಗೆ ಪ್ರಚಾರ: ಪೋಸ್ಟರ್‌ನಿಂದ ಟೀಸರ್‌ವರೆಗೆ ಒಂದೇ ಮುಖ

ಮಂಡ್ಯದ ಕಾಲೇಜೊಂದರ ತಂಡ ಹದಿನೆಂಟು ನಿಮಿಷದ ಥ್ರಿಲ್ಲರ್ ಮಾಡುತ್ತಿದೆ ಎಂದುಕೊಳ್ಳಿ. ಹೆಸರು ‘ತೂಬು’. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ತೂಬನ್ನು, ಅಂದರೆ ನೀರು ಬಿಡುವ ಗೇಟನ್ನು, ರಾತ್ರೋರಾತ್ರಿ ಯಾರೋ ಎತ್ತಿದ್ದಾರೆ, ಬೆಳಗಾದರೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕಾಣುತ್ತಿಲ್ಲ. ಕತೆ ಗಟ್ಟಿಯಿದೆ. ಆದರೆ ಪೋಸ್ಟರ್ ಒಬ್ಬರು ಕ್ಯಾನ್ವಾದಲ್ಲಿ, ಥಂಬ್‌ನೇಲ್ ಇನ್ನೊಬ್ಬರು ಫೋನಿನಲ್ಲಿ, ಬ್ಯಾನರ್ ಡಿಟಿಪಿ ಅಂಗಡಿಯಲ್ಲಿ ಆಗುತ್ತದೆ. ಕೊನೆಗೆ ನೋಡುವವರಿಗೆ ಅವು ಮೂರು ಬೇರೆ ಬೇರೆ ಸಿನಿಮಾದಂತೆ ಕಾಣುತ್ತವೆ. ದೊಡ್ಡ ಚಿತ್ರಕ್ಕೆ ನಾಯಕನ ಮುಖವೇ ಗುರುತು. ವಿದ್ಯಾರ್ಥಿ ಚಿತ್ರಕ್ಕೆ ಆ ಅನುಕೂಲವಿಲ್ಲ. ಒಂದು ಚಿತ್ರ, ಒಂದು ಅಕ್ಷರವಿನ್ಯಾಸ, ಎರಡು ಮೂರು ಬಣ್ಣ ಮತ್ತೆ ಮತ್ತೆ ಕಣ್ಣಿಗೆ ಬಿದ್ದರಷ್ಟೇ ಜನ ಗುರುತು ಹಿಡಿಯುತ್ತಾರೆ. ಇವನ್ನು ಶೂಟಿಂಗ್‌ಗೆ ಮೊದಲೇ ತೀರ್ಮಾನಿಸಬೇಕು.

ಮೊದಲು ಚಿತ್ರ. ರಕ್ತ ಮೆತ್ತಿದ ಕೈ, ಬಾಗಿಲಲ್ಲಿ ನಿಂತ ನೆರಳು ಯಾವ ಥ್ರಿಲ್ಲರ್‌ಗಾದರೂ ಹೊಂದುತ್ತವೆ, ಹಾಗಾಗಿ ಬೇಡ. ತುಕ್ಕು ಹಿಡಿದ ತೂಬಿನ ತಿರುಗಣೆ, ಅದಕ್ಕೆ ಸಿಕ್ಕಿಕೊಂಡ ಒದ್ದೆ ಟವೆಲ್ಲು: ಇದು ಈ ಕತೆಯದು ಮಾತ್ರ. ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ ನೋಡಿ, ಆಗಲೂ ಸಿನಿಮಾ ಯಾವುದೆಂದು ಗೊತ್ತಾಗಬೇಕು. ಚಿತ್ರ ಪ್ರಶ್ನೆ ಎಬ್ಬಿಸಲಿ, ಉತ್ತರ ಹೇಳದಿರಲಿ. ಟವೆಲ್ಲು ಯಾರದೆಂಬುದು ಕೊನೆಯ ಸೀನಿನ ಗುಟ್ಟಾಗಿದ್ದರೆ, ಆ ಪಾತ್ರಧಾರಿ ಹೆಗಲ ಮೇಲೆ ಅದನ್ನು ಹಾಕಿಕೊಂಡಿರುವ ಒಂದು ಸ್ಟಿಲ್ಲೂ ಹೊರಗೆ ಹೋಗಕೂಡದು.

ವಿಡಿಯೊದಿಂದ ಫ್ರೇಮ್ ಕಿತ್ತು ಪೋಸ್ಟರ್ ಮಾಡಬೇಡಿ. 1920×1080ರ ಫ್ರೇಮನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಸಿಗುವುದು 6.4×3.6 ಇಂಚು. 4ಕೆ ಆದರೂ 12.8×7.2 ಇಂಚು, ಅದೂ ಅಡ್ಡ ಚಿತ್ರ. ಮೇಲಾಗಿ ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ ಸಾಮಾನ್ಯವಾಗಿ 1/50ರಲ್ಲಿರುವುದರಿಂದ ಅಲುಗಿದ್ದೆಲ್ಲ ಮಸುಕಾಗಿರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ (6000×4000) 20×13 ಇಂಚಿಗೆ ಸಾಕು. ಸೀನ್ ಮುಗಿದ ಮೇಲೆ ಲೈಟು ಬಿಚ್ಚುವ ಮುಂಚೆ ಹದಿನೈದು ನಿಮಿಷ ಫೋಟೊಗೆಂದೇ ಮೀಸಲಿಡಿ. ಟ್ರೈಪಾಡ್ ಹಾಕಿ, ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲಿ, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ತೆಗೆಯಿರಿ. ಶೀರ್ಷಿಕೆಗೆಂದು ಮೇಲಿನ ಮೂರನೇ ಒಂದು ಭಾಗ ಖಾಲಿ ಇರಲಿ. ರಾತ್ರಿ ನಾಲೆ ಏರಿಯ ಮೇಲೆ ಈ ಕೆಲಸ ಅಪಾಯ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದ ಬೆಳಕಿನಲ್ಲಿ ತೆಗೆದು, ಎಕ್ಸ್‌ಪೋಷರ್ ಇಳಿಸಿ ರಾತ್ರಿಯಾಗಿಸಬಹುದು. ಗೇಟನ್ನು ಮಾತ್ರ ತಿರುಗಿಸಬೇಡಿ, ಕೆಳಗಿನ ಗದ್ದೆಯವರ ನೀರಿನ ಸರದಿ ಕೆಡುತ್ತದೆ.

ಸಿನಿಮಾದ ಬಣ್ಣವೂ ಪೋಸ್ಟರ್‌ನ ಬಣ್ಣವೂ ಒಂದಾಗಲು ಸುಲಭ ದಾರಿಯೊಂದಿದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಮಾಡಿದ ಗ್ರೇಡನ್ನು (ಬಣ್ಣದ ಹೊಂದಾಣಿಕೆ) 33 ಪಾಯಿಂಟ್‌ನ ಕ್ಯೂಬ್ ಲಟ್ (ಯಾವ ಬಣ್ಣ ಏನಾಗಬೇಕೆಂಬ ಪಟ್ಟಿಯ ಫೈಲ್) ಆಗಿ ತೆಗೆದು, ಫೋಟೊಶಾಪ್‌ನ ಕಲರ್ ಲುಕಪ್ ಪದರದಲ್ಲಿ ಹಾಕಿ. ವಿಡಿಯೊ ಲಾಗ್‌ನಲ್ಲಿದ್ದು (ಗ್ರೇಡ್ ಮಾಡಲೆಂದೇ ಮಂಕಾಗಿ ರೆಕಾರ್ಡ್ ಆಗುವ ಬಗೆ) ಫೋಟೊ ಸಾಮಾನ್ಯ ಪ್ರೊಫೈಲ್‌ನಲ್ಲಿದ್ದರೆ ಲಾಗ್ ಪರಿವರ್ತನೆಯ ನೋಡ್ (ಗ್ರೇಡಿನ ಒಂದು ಹಂತ) ಬಿಟ್ಟು ಉಳಿದದ್ದನ್ನಷ್ಟೇ ತೆಗೆಯಬೇಕು. ಇಲ್ಲವಾದರೆ ಕಪ್ಪು ಇನ್ನೂ ಕಪ್ಪಾಗಿ, ಮುಖ ಸುಟ್ಟಂತಾಗುತ್ತದೆ.

ಇನ್ನು ಅಕ್ಷರ. ಕನ್ನಡ ಪೋಸ್ಟರ್ ಹೆಚ್ಚು ಕೆಡುವುದು ಇಲ್ಲೇ. ಥ್ರಿಲ್ಲರ್ ಎಂದರೆ ಗೀರು, ಬಿರುಕು ಹಾಕುವ ಆಸೆ ಎಲ್ಲರಿಗೂ. ನಮ್ಮ ಲಿಪಿಯಲ್ಲಿ ಒಂದು ಗೀರು ಅಕ್ಷರವನ್ನೇ ಬದಲಿಸುತ್ತದೆ: ‘ದ’ದ ಬುಡದಲ್ಲಿ ಸೀಳು ಬಿದ್ದರೆ ‘ಧ’, ‘ಡ’ಕ್ಕೆ ಬಿದ್ದರೆ ‘ಢ’, ‘ಪ’ದ ಹೊಟ್ಟೆಯಲ್ಲಿ ಅಡ್ಡಗೆರೆ ಹೋದರೆ ‘ಷ’. ಗೀರು ಬೇಕೇ ಬೇಕೆಂದರೆ ತಲೆಕಟ್ಟಿನ ತುದಿಯಲ್ಲೋ ಕೊಂಬಿನ ಬಾಲದಲ್ಲೋ ಹಾಕಿ. ಶೀರ್ಷಿಕೆಯನ್ನು ಒಮ್ಮೆ ಬರೆದು ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಚಿತ್ರ) ಮಾಡಿಟ್ಟು, ಎಲ್ಲ ಕಡೆ ಅದೇ ಫೈಲ್ ಬಳಸಿ. ಯಾರೂ ಮತ್ತೆ ಟೈಪ್ ಮಾಡಬಾರದು. ಉಳಿದ ಬರಹಕ್ಕೆ ಅನೆಕ್ ಕನ್ನಡ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟ್ ಒಂದೇ ಸಾಕು. ಇಂಗ್ಲಿಷ್ ಪೋಸ್ಟರ್‌ಗಳ ಕ್ರೆಡಿಟ್ ಸಾಲಿನಂತೆ ಕನ್ನಡವನ್ನು ಅಡ್ಡಡ್ಡ ಹಿಂಡಬೇಡಿ, ಒತ್ತಕ್ಷರ ಮುದ್ದೆಯಾಗುತ್ತದೆ. ಸಾಲುಗಳ ಅಂತರ ಅಕ್ಷರದ ಅಳತೆಯ 140ರಿಂದ 150 ಶೇಕಡಾ ಇರಲಿ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಭಾರತೀಯ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಿಲ್ಲವೆಂದರ್ಥ.

ಬಣ್ಣ ಮೂರು ಸಾಕು, ಅಂಕಿ ಸಮೇತ ಬರೆದಿಡಿ. ‘ತೂಬು’ಗೆ: ನೀರಿನ ಕಪ್ಪು-ಹಸಿರು (ಕೆಂಪು 14, ಹಸಿರು 32, ನೀಲಿ 30), ತುಕ್ಕು (176, 74, 32), ಮಾಸಲು ಬಿಳಿ (232, 226, 208). ಪರದೆಯಲ್ಲಿ ಹೊಳೆಯುವ ನಿಯಾನ್ ಕೆಂಪು, ನೀಲಿ ಕಾಗದದ ಮೇಲೆ ಮಂಕಾಗುತ್ತವೆ. ತುಕ್ಕಿನ ಬಣ್ಣ ಎರಡರಲ್ಲೂ ಉಳಿಯುತ್ತದೆ.

ಮಾತುಗಳಿಗೂ ಒಂದು ಪುಟ ಬೇಕು. ಒಂದು ಕಡೆ ‘ಛಾಯಾಗ್ರಹಣ’, ಇನ್ನೊಂದು ಕಡೆ ‘ಕ್ಯಾಮೆರಾ’. ಇಲ್ಲಿ ‘ಕತೆ’, ಅಲ್ಲಿ ‘ಕಥೆ’. ಒಬ್ಬರ ಹೆಸರಿಗೆ ಎರಡು ಕಾಗುಣಿತ. ಈ ಗೊಂದಲ ನಿಲ್ಲುವುದು ಎಲ್ಲರೂ ಅದೊಂದೇ ಪುಟದಿಂದ ನಕಲು ಮಾಡಿದಾಗ. ಅಡಿಬರಹ ಸಿನಿಮಾ ಆಡುವ ಭಾಷೆಯಲ್ಲೇ ಇರಲಿ. ಪಾತ್ರಗಳು ಮಂಡ್ಯದ ಮಾತಾಡುವಾಗ ಪೋಸ್ಟರ್ ಮೇಲೆ ‘ನೀರನ್ನು ಹರಿಸಿದವರು ಯಾರು’ ಎಂದರೆ ಸಪ್ಪೆ. ‘ರಾತ್ರಿ ನೀರ್ ಬಿಟ್ಟೋರ್ಯಾರು?’ ಎಂದರೆ ಕಿವಿ ನೆಟ್ಟಗಾಗುತ್ತದೆ.

ಮೂಲ ಫೈಲನ್ನು 12×18 ಇಂಚಿಗೆ (3600×5400 ಪಿಕ್ಸೆಲ್) ಪದರಪದರವಾಗಿ ಕಟ್ಟಿ. ಅದರಿಂದ ಇನ್‌ಸ್ಟಾಗ್ರಾಂ ಪೋಸ್ಟ್‌ಗೆ 1080×1350, ಸ್ಟೋರಿಗೆ 1080×1920, ಯೂಟ್ಯೂಬ್ ಥಂಬ್‌ನೇಲ್‌ಗೆ 1280×720 ಇಳಿಸಿ. ಎಳೆದು ಹಿಗ್ಗಿಸುವುದಲ್ಲ, ಪದರಗಳನ್ನು ಹೊಸದಾಗಿ ಜೋಡಿಸುವುದು. ಸ್ಟೋರಿಯಲ್ಲಿ ಮೇಲೆ ಕೆಳಗೆ 250 ಪಿಕ್ಸೆಲ್ ಬರಹವಿಲ್ಲದೆ ಬಿಡಿ, ಆಪ್‌ನ ಗುಂಡಿಗಳು ಅಲ್ಲಿ ಬರುತ್ತವೆ. ಥಂಬ್‌ನೇಲ್‌ನಲ್ಲಿ ಶೀರ್ಷಿಕೆ, ತಿರುಗಣೆ ಎರಡೇ ಸಾಕು. ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿದಾಗಲೂ ಓದಲು ಬರಬೇಕು.

ಕತ್ತಲೆಯ ಪೋಸ್ಟರ್ ಮುದ್ರಣದಲ್ಲಿ ಇನ್ನಷ್ಟು ಕತ್ತಲಾಗುತ್ತದೆ, ಏಕೆಂದರೆ ಪರದೆಗೆ ಹಿಂದಿನಿಂದ ಬೆಳಕಿದೆ, ಕಾಗದಕ್ಕಿಲ್ಲ. ನೆರಳಿನ ಭಾಗಗಳನ್ನು ಸ್ವಲ್ಪ ಎತ್ತಿ, ಅಂಗಡಿಯಲ್ಲಿ ಒಂದು ಎ4 ತೆಗೆಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಅಗಲವಾದ ಕಪ್ಪಿಗೆ ಕೆ (ಕಪ್ಪು ಇಂಕು) 100ರ ಜತೆ ಸಿ (ಸಯಾನ್) 60, ಎಂ (ಮೆಜೆಂಟಾ) 40, ವೈ (ಹಳದಿ) 40 ಸೇರಿಸಿದರೆ ಆಳ ಬರುತ್ತದೆ. ಕೆ ಒಂದೇ ಇದ್ದರೆ ಬೂದಿ ಬಣ್ಣ. ಅಂಥ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ 10 ಪಾಯಿಂಟ್‌ಗಿಂತ ಕಡಿಮೆಯಾದರೆ ನಾಲ್ಕು ಇಂಕು ಕೂದಲೆಳೆ ಜರುಗಿದರೂ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಕೊಡಿ. ಮ್ಯಾಟ್ ಕಾಗದವೇ ಒಳ್ಳೆಯದು, ಗ್ಲಾಸಿ ಕಪ್ಪಿನಲ್ಲಿ ಕಾರಿಡಾರಿನ ದೀಪವೇ ಕಾಣುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿದ (ಫಾಂಟ್ ಬೇಡದ ಆಕಾರಗಳಾಗಿಸಿದ) ಪಿಡಿಎಫ್ ಕೊಡಿ. ಹಲವು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟುಗಳಿವೆ, ಅಲ್ಲಿ ಮತ್ತೆ ಟೈಪ್ ಮಾಡಿಸಿದರೆ ನಿಮ್ಮ ವಿನ್ಯಾಸ ಮುಗಿದಂತೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಕುಗ್ಗುತ್ತದೆ.

ಟೀಸರ್ 30ರಿಂದ 40 ಸೆಕೆಂಡ್ ಇರಲಿ, ಕೊನೆಯ ಮೂರು ಸೆಕೆಂಡ್ ಪೋಸ್ಟರ್‌ನ ಅದೇ ಚೌಕಟ್ಟು, ಅದೇ ಶೀರ್ಷಿಕೆ. ತಿರುಗಣೆಯ ಕಿರುಗುಟ್ಟುವ ಸದ್ದನ್ನು ಸ್ಥಳದಲ್ಲೇ ರೆಕಾರ್ಡ್ ಮಾಡಿ ಪ್ರತಿ ರೀಲಿನ ಮೊದಲಿಗೂ ಹಾಕಿದರೆ ಅದೇ ಗುರುತಾಗುತ್ತದೆ.

ಅಂಟಿಸುವಾಗ ಕಾಲೇಜು ಫಲಕಕ್ಕೆ ಪ್ರಾಂಶುಪಾಲರ ಅನುಮತಿ, ಹೋಟೆಲು, ಬುಕ್‌ಸ್ಟಾಲ್‌ಗಳಿಗೆ ಮಾಲೀಕರ ಒಪ್ಪಿಗೆ ಬೇಕು. ಸಾರ್ವಜನಿಕ ಗೋಡೆಗಳಿಗೆ ಅನುಮತಿಯಿಲ್ಲದೆ ಅಂಟಿಸುವುದು, ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕರ್ನಾಟಕ ಕಾಯ್ದೆಯಡಿ ಅಪರಾಧ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ, ಬ್ಯಾನರ್ ಬಟ್ಟೆಯದೇ ಇರಲಿ. ಬಟ್ಟೆ ಇಂಕು ಹೀರುವುದರಿಂದ ಚಿತ್ರವನ್ನು ಇನ್ನೊಂದಿಷ್ಟು ತಿಳಿ ಮಾಡಿ ಕೊಡಿ. ನೀರುಗಂಟಿಯ ಫೋಟೊ ಹಾಕಿ ‘ಕಾಣೆಯಾಗಿದ್ದಾರೆ’ ಎಂಬ ಕರಪತ್ರ ಹಂಚುವ ಯೋಚನೆ ಯಾರಿಗಾದರೂ ಬಂದರೆ, ಸಿನಿಮಾದ ಹೆಸರು ಮತ್ತು ಪ್ರದರ್ಶನದ ದಿನಾಂಕವನ್ನು ಆ ಫೋಟೊಗಿಂತ ದೊಡ್ಡದಾಗಿ ಹಾಕಿ. ನಿಜವೆಂದುಕೊಂಡವರು ಪೊಲೀಸ್ ಠಾಣೆಗೆ ಫೋನ್ ಮಾಡುತ್ತಾರೆ.