ವೈ-ಫೈ ನಿಜಕ್ಕೂ ಎನ್‌ಕ್ರಿಪ್ಟ್ ಆಗಿದೆಯೇ? ನೋಡುವುದು ಹೀಗೆ

ಪಾಸ್‌ವರ್ಡ್ ಕೇಳಿತು ಅಂದಮಾತ್ರಕ್ಕೆ ವೈ-ಫೈ ಭದ್ರ ಅಂತಲ್ಲ. ಇಂದಿರಾನಗರದ ಕೆಫೆಯಲ್ಲೋ ಮಾಲ್‌ನಲ್ಲೋ ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಿ ಸೇರುವ ನೆಟ್‌ವರ್ಕ್ ಸಾಮಾನ್ಯವಾಗಿ ‘ಓಪನ್’. ನೀವು ಯಾರೆಂದು ಗುರುತಿಸಲು ಓಟಿಪಿ ಬೇಕು, ಅಷ್ಟೆ. ಗಾಳಿಯಲ್ಲಿ ಹೋಗುವ ಡೇಟಾಗೆ ಅದು ಬೀಗ ಹಾಕುವುದಿಲ್ಲ, ಅಂದರೆ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವುದಿಲ್ಲ.

ನೋಡಬೇಕಾದ್ದು ಸೆಕ್ಯುರಿಟಿ ಟೈಪ್, ಅಂದರೆ ಆ ಬೀಗ ಯಾವ ಬಗೆಯದು ಎಂಬುದು. ಆಂಡ್ರಾಯ್ಡ್‌ನಲ್ಲಿ ವೈ-ಫೈ ಸೆಟ್ಟಿಂಗ್ಸ್ ತೆರೆದು, ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ. ವಿಂಡೋಸ್ 11ರಲ್ಲಿ ವೈ-ಫೈ ಪ್ರಾಪರ್ಟೀಸ್‌ನಲ್ಲಿ ಸಿಗುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಹಿಡಿದು ಮೇಲಿನ ವೈ-ಫೈ ಚಿಹ್ನೆ ಕ್ಲಿಕ್ ಮಾಡಿ. ಐಫೋನ್‌ನ ವೈ-ಫೈ ಪಟ್ಟಿ ಟೈಪ್ ಹೇಳುವುದಿಲ್ಲ; ಹೆಸರಿನ ಕೆಳಗೆ ‘ವೀಕ್ ಸೆಕ್ಯುರಿಟಿ’ ಎಂದು ಬಂದರೆ ಹುಷಾರು.

ತೀರಾ ಹಳೆಯ ಬಗೆಯಾದ ಡಬ್ಲ್ಯೂಇಪಿ (WEP) ಕಂಡರೆ ಬೀಗ ಇಲ್ಲದ್ದಕ್ಕೆ ಸಮ. 2001ರಲ್ಲೇ ಅದನ್ನು ಒಡೆದಾಗಿದೆ. ಅದರ ನಂತರ ಬಂದ ಡಬ್ಲ್ಯೂಪಿಎ2 (WPA2) ಸಾಕು, ಡಬ್ಲ್ಯೂಪಿಎ3 (WPA3) ಇದ್ದರೆ ಇನ್ನೂ ಒಳ್ಳೆಯದು. ತಾಪತ್ರಯ ಇರುವುದು ‘ಡಬ್ಲ್ಯೂಪಿಎ/ಡಬ್ಲ್ಯೂಪಿಎ2’ ಎಂಬ ಮಿಶ್ರ ಮೋಡ್‌ನಲ್ಲಿ. ಟಿಕೆಐಪಿ (TKIP) ಎಂಬ ಹಳೆಯ, ದುರ್ಬಲ ಎನ್‌ಕ್ರಿಪ್ಷನ್ ವಿಧಾನ ಅಲ್ಲಿ ಇನ್ನೂ ಜೀವಂತ.

ಮನೆಯ ರೌಟರ್ ಆದರೆ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ. ವಿಳಾಸ, ಲಾಗಿನ್ ಎರಡೂ ಸಾಮಾನ್ಯವಾಗಿ ರೌಟರ್ ತಳದ ಸ್ಟಿಕ್ಕರ್‌ನಲ್ಲಿರುತ್ತವೆ. ವೈರ್‌ಲೆಸ್ ಸೆಕ್ಯುರಿಟಿಯಲ್ಲಿ ‘ಟಿಕೆಐಪಿ+ಎಇಎಸ್’ ಇದ್ದರೆ ಹೆಚ್ಚು ಗಟ್ಟಿ ವಿಧಾನವಾದ ‘ಎಇಎಸ್’ (AES) ಮಾತ್ರ ಇಡಿ. ಟಿಕೆಐಪಿಯಲ್ಲಿ ಲಿಂಕ್ ಸ್ಪೀಡ್ 54 ಎಂಬಿಪಿಎಸ್ ದಾಟುವುದಿಲ್ಲ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ ಕೈಗೆ 20-25 ಬರುತ್ತಿದ್ದರೆ ಮೊದಲು ಇಲ್ಲೇ ನೋಡಿ. ರೌಟರ್‌ನ ಎರಡೂ ಬ್ಯಾಂಡ್‌ಗೆ, 2.4 ಗಿಗಾಹರ್ಟ್ಸ್‌ಗೂ 5 ಗಿಗಾಹರ್ಟ್ಸ್‌ಗೂ, ಬೇರೆ ಬೇರೆಯಾಗಿ ಬದಲಿಸಬೇಕಾಗಬಹುದು. ಬಹಳ ಜನ ಒಂದನ್ನೇ ಬದಲಿಸಿ ಎದ್ದುಬಿಡುತ್ತಾರೆ.

ಡಬ್ಲ್ಯೂಪಿಎ3 ಮಾತ್ರ ಇಟ್ಟ ಮೇಲೆ ಹಳೆಯ ಪ್ರಿಂಟರ್, ಸಿಸಿ ಕ್ಯಾಮೆರಾ ಕನೆಕ್ಟ್ ಆಗದಿದ್ದರೆ ‘ಡಬ್ಲ್ಯೂಪಿಎ2/ಡಬ್ಲ್ಯೂಪಿಎ3’ಗೆ ಬನ್ನಿ. ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ಸೇರಿಸುವ ಡಬ್ಲ್ಯೂಪಿಎಸ್ (WPS) ಅನ್ನು ಆಫ್ ಮಾಡಿ: ಅದರ 8 ಅಂಕಿಯ ಪಿನ್ ಅನ್ನು ರೌಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡುತ್ತದೆ.

ಪಿಜಿಗಳ ಕತೆ ಬೇರೆ. ಡಬ್ಲ್ಯೂಪಿಎ2 ಸರಿಯಾಗಿಯೇ ಇರುತ್ತದೆ, ಪಾಸ್‌ವರ್ಡ್ ಮಾತ್ರ ಊಟದ ಹಾಲ್‌ನ ಗೋಡೆ ಮೇಲೆ! ಆ ಪಾಸ್‌ವರ್ಡ್ ಗೊತ್ತಿರುವವರು ನಿಮ್ಮ ಫೋನ್ ಕನೆಕ್ಟ್ ಆಗುವ ಕ್ಷಣದ ಹ್ಯಾಂಡ್‌ಶೇಕ್ (ಫೋನ್ ಮತ್ತು ರೌಟರ್ ನಡುವಿನ ಮೊದಲ ಸಂದೇಶ ವಿನಿಮಯ) ಹಿಡಿದರೆ ವೈ-ಫೈ ಎನ್‌ಕ್ರಿಪ್ಷನ್ ಬಿಚ್ಚಬಹುದು. ಆಮೇಲೆ ಕಾಯುವುದು ಸೈಟಿನದೇ ಎನ್‌ಕ್ರಿಪ್ಷನ್ ಆದ ಎಚ್‌ಟಿಟಿಪಿಎಸ್ ಒಂದೇ. ಡಬ್ಲ್ಯೂಪಿಎ3ರಲ್ಲಿ ಈ ದಾರಿ ಮುಚ್ಚಿದೆ. ಅದಿಲ್ಲದ ಕಡೆ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಅದರ ಸೆಕ್ಯುರಿಟಿ ‘None’ (ಏನೂ ಇಲ್ಲ) ಎಂದು ಇಲ್ಲವಲ್ಲ, ನೋಡಿಕೊಳ್ಳಿ.